ಬಿಟ್ಟಿ ಪಾಠ, ಒಂಟಿ ಕಲಿಕೆ

ಸರ್ಕಾರಿ ಯೋಜನೆಗಳ ಹೆಸರುಗಳನ್ನು ಕವಿತೆ ಓದುವಷ್ಟು ಎಚ್ಚರದಿಂದ ಓದಬೇಕು. ಹೆಸರಿಡುವವನು ಎಷ್ಟೇ ಜಾಣನಾದರೂ ಅವನ ಮನಸ್ಸು ಆ ಹೆಸರಿನಲ್ಲಿ ಇಣುಕಿಯೇ ಇಣುಕುತ್ತದೆ. ಕಾಲೇಜು ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರ್ಕಾರ 2017ರ ಜುಲೈ 9ರಂದು ಉದ್ಘಾಟಿಸಿದ ಅಂತರ್ಜಾಲ ಪಾಠಶಾಲೆಯ ಹೆಸರು ‘ಸ್ವಯಂ’. ಅದರ ಜೊತೆಗೇ ಹುಟ್ಟಿದ ದೂರದರ್ಶನ ವಾಹಿನಿಗಳ ಗುಂಪು ‘ಸ್ವಯಂಪ್ರಭಾ’. ಅದೇ ವರ್ಷ ಶಿಕ್ಷಕರ ದಿನಾಚರಣೆಗೆ ಶಾಲಾ ಮೇಷ್ಟ್ರುಗಳ ಪಾಲಿಗೆ ಬಂದದ್ದು ‘ದೀಕ್ಷಾ’. ಕಾಲೇಜು ಅಧ್ಯಾಪಕರ ಪುನಶ್ಚೇತನಕ್ಕೆ 2018ರಲ್ಲಿ ‘ಅರ್ಪಿತ್’. ಶಾಲಾ ಶಿಕ್ಷಕರ ತರಬೇತಿಗೆ 2019ರಲ್ಲಿ ‘ನಿಷ್ಠಾ’. ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕರನ್ನು ತಯಾರು ಮಾಡಲು ವಿಶ್ವವಿದ್ಯಾಲಯ ಅನುದಾನ ಆಯೋಗದ್ದು ‘ಗುರುದಕ್ಷತಾ’. ಇವುಗಳಲ್ಲಿ ಬಹುಪಾಲು ಉದ್ದನೆಯ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಎಳೆದಾಡಿ ಕಟ್ಟಿದವು. ‘ಸ್ಟಡಿ ವೆಬ್ಸ್ ಆಫ್ ಆಕ್ಟಿವ್ ಲರ್ನಿಂಗ್ ಫಾರ್ ಯಂಗ್ ಆಸ್ಪೈರಿಂಗ್ ಮೈಂಡ್ಸ್’ ಎಂಬುದನ್ನು ಹಿಂಡಿ ಹಿಂಡಿ ‘ಸ್ವಯಂ’ ಮಾಡಿದ್ದಾರೆ. ಅಷ್ಟು ಪಾಡುಪಟ್ಟು ಇಂಗ್ಲಿಷನ್ನು ಬಗ್ಗಿಸಿ ಇವರು ಮುಟ್ಟಿದ ಜಾಗ ಯಾವುದು? ಗುರುಕುಲದ ಜಗಲಿ.

ದೀಕ್ಷೆ, ನಿಷ್ಠೆ, ಅರ್ಪಣೆ, ಗುರು. ಈ ಮಾತುಗಳು ಯಾವ ಮನೆಯ ಪಡಸಾಲೆಯಲ್ಲಿ ಓಡಾಡಿಕೊಂಡಿದ್ದವು ಅನ್ನೋದು ನಮಗೆ ಗೊತ್ತು. ದೀಕ್ಷೆ ಯಾರಿಗೆ ಸಿಕ್ಕಿತು, ನಿಷ್ಠೆಯನ್ನು ಯಾರಿಂದ ಕೇಳಿದರು, ಅರ್ಪಿಸಿಕೊಂಡವರು ಯಾರು, ಉಂಡವರು ಯಾರು ಎಂಬುದೂ ಗೊತ್ತು. ಹನ್ನೆರಡನೆಯ ಶತಮಾನದಲ್ಲಿ ಶರಣರು ಇದೇ ದೀಕ್ಷೆಯನ್ನು ಸಮಗಾರನ ಗುಡಿಸಲಿಗೂ ಒಯ್ದರು. ಅದಕ್ಕೆ ಕಲ್ಯಾಣದಲ್ಲಿ ಯಾವ ಬೆಲೆ ತೆರಬೇಕಾಯಿತು ಅನ್ನೋದನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಇರಲಿ. ಹೆಸರಿನ ಮೇಲೆ ಜಗಳ ತೆಗೆದು ಕೂರುವುದು ನಮ್ಮ ಉದ್ದೇಶವಲ್ಲ. ಆದರೆ ‘ಸ್ವಯಂ’ ಎಂಬ ಒಂದು ಪದದ ಮುಂದೆ ನಾವು ನಿಲ್ಲಲೇಬೇಕು. ಯಾಕೆಂದರೆ ಆ ಪದದಲ್ಲಿ ಒಂದು ತತ್ವವೇ ಅಡಗಿದೆ. ನೀನೇ ಕಲಿ, ನಿನ್ನದೇ ಸಮಯದಲ್ಲಿ ಕಲಿ, ನಿನ್ನದೇ ವೇಗದಲ್ಲಿ ಕಲಿ, ಕಾಸು ಕೊಡಬೇಡ ಎಂಬ ತತ್ವ. ಕೇಳೋಕೆ ಎಷ್ಟು ಇಂಪಾಗಿದೆ! ಶತಮಾನಗಳಿಂದ ಪಾಠಶಾಲೆಯ ಹೊಸ್ತಿಲ ಹೊರಗೆ ನಿಂತವರಿಗೆ ಇದಕ್ಕಿಂತ ಸಿಹಿ ಸುದ್ದಿ ಬೇರೆ ಇರಲು ಸಾಧ್ಯವೇ?

ಸುದ್ದಿ ಪೂರ್ತಿ ಸುಳ್ಳೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರು ನಮ್ಮಲ್ಲೂ ಇದ್ದಾರೆ. ಯಂತ್ರ ಕಂಡರೆ ಸಾಕು ಬಂಡವಾಳಶಾಹಿಯ ಪಿತೂರಿ ಎಂದು ಕೂಗಿ ಮನೆಗೆ ಹೋಗಿ ಅದೇ ಯಂತ್ರದಲ್ಲಿ ಸಿನಿಮಾ ನೋಡುವವರು. ಅದು ವಿಮರ್ಶೆಯಲ್ಲ. ಸ್ವಯಂಗಿಂತ ಮೊದಲೇ, 2003ರ ಸುಮಾರಿಗೆ, ಏಳು ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ‘ಎನ್‌ಪಿಟಿಇಎಲ್’ ಎಂಬ ಹೆಸರಿನಲ್ಲಿ ತಮ್ಮ ತರಗತಿಯ ಪಾಠಗಳನ್ನು ಚಿತ್ರೀಕರಿಸಿ ಹೊರಗೆ ಬಿಡತೊಡಗಿದವು. ಯೋಚನೆ ಮಾಡಿ: ಟಾಟಾ ಇನ್‌ಸ್ಟಿಟ್ಯೂಟಿನ ಗೇಟಿನೊಳಗೆ ಗಾರೆ ಹೊರಲು ಹೋದ ನಮ್ಮ ಅಪ್ಪಂದಿರಿಗೆ ಒಳಗಿನ ಕೋಣೆಯಲ್ಲಿ ಏನು ಹೇಳಿಕೊಡುತ್ತಾರೆ ಎಂಬುದು ಕಿವಿಗೆ ಬೀಳುವಂತಿರಲಿಲ್ಲ. ಇವತ್ತು ಸಿಂಧನೂರಿನ ಹುಡುಗಿ ಅಲ್ಲಿನ ಪ್ರಾಧ್ಯಾಪಕನ ಪಾಠವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮೂರು ಸಲ ಕೇಳಬಹುದು. ಮೂರನೇ ಸಲ ಕೇಳಿದ್ದಕ್ಕೆ ಯಾರೂ ನಗುವುದಿಲ್ಲ. ‘ಇದೂ ಅರ್ಥವಾಗಲಿಲ್ವಾ? ಕೋಟಾದವರಾ?’ ಎಂದು ಯಾರೂ ಕೇಳುವುದಿಲ್ಲ. ಸ್ಕಾಲರ್‌ಷಿಪ್ ಫಾರಂ ತುಂಬಿಸುವ ನೆಪದಲ್ಲಿ ತರಗತಿಯ ನಡುವೆ ಎದ್ದು ನಿಲ್ಲಿಸುವುದಿಲ್ಲ. ತರಗತಿಯಲ್ಲಿ ಹೀಗೆ ಎದ್ದು ನಿಂತ ಅನುಭವವಿರುವ ಯಾವನೂ ಇದನ್ನು ಸಣ್ಣ ಮಾತೆಂದು ತಳ್ಳಿಹಾಕಲಾರ. ದೆಹಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳು ಅನುಭವಿಸುತ್ತಿದ್ದ ತಾರತಮ್ಯವನ್ನು ಸುಖದೇವ್ ಥೋರಟ್ ಸಮಿತಿ 2007ರಲ್ಲೇ ಬರೆದಿಟ್ಟಿದೆ.

ಆದರೆ ಪರದೆ ಜಾತಿ ಕೇಳುವುದಿಲ್ಲ ಎಂದು ನಿಟ್ಟುಸಿರು ಬಿಡುವ ಮೊದಲು 2021ರ ಏಪ್ರಿಲ್ ತಿಂಗಳನ್ನು ನೆನೆಯಬೇಕು. ಖರಗ್‌ಪುರ ಐಐಟಿಯಲ್ಲಿ ಪರಿಶಿಷ್ಟ ಮತ್ತು ಅಂಗವಿಕಲ ವಿದ್ಯಾರ್ಥಿಗಳ ಪೂರ್ವಸಿದ್ಧತಾ ತರಗತಿ ಅಂತರ್ಜಾಲದಲ್ಲೇ ನಡೆಯುತ್ತಿತ್ತು. ಪಾಠ ಮಾಡುತ್ತಿದ್ದ ಅಧ್ಯಾಪಕಿ ಆ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಬಾಯಿಗೆ ಬಂದಂತೆ ಬೈದರು. ಪರದೆ ಅಡ್ಡ ಬರಲಿಲ್ಲ; ಜಾತಿ ಅದನ್ನು ದಾಟಿಕೊಂಡೇ ಬಂತು. ಆದರೆ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನಾಲ್ಕು ಗೋಡೆಗಳ ನಡುವೆ ನಡೆದಿದ್ದರೆ ‘ನಾನು ಹಾಗಂದೇ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಿದ್ದ ವಿಷಯ, ದೃಶ್ಯವಾಗಿ ದೇಶವೆಲ್ಲ ಹರಿದಾಡಿತು, ಸಂಸ್ಥೆ ಕ್ರಮ ತೆಗೆದುಕೊಳ್ಳಲೇಬೇಕಾಯಿತು. ಆದ್ದರಿಂದ ಈ ಯಂತ್ರದ ಬಗ್ಗೆ ನಮಗೆ ಭಕ್ತಿಯೂ ಬೇಡ, ಮಡಿಯೂ ಬೇಡ. ಅದು ಯಾರ ಕೈಯಲ್ಲಿದೆ, ಯಾವುದರ ಬದಲಿಗೆ ಬರುತ್ತಿದೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊದಲು ‘ಬಿಟ್ಟಿ’ ಎಂಬ ಮಾತನ್ನು ತೆಗೆದುಕೊಳ್ಳೋಣ. ಪೇಟೆಯ ಕನ್ನಡದಲ್ಲಿ ಬಿಟ್ಟಿ ಎಂದರೆ ಪುಕ್ಕಟೆ ಸಿಕ್ಕಿದ್ದು. ನಮ್ಮ ಕೇರಿಯ ಕನ್ನಡದಲ್ಲಿ ಬಿಟ್ಟಿ ಎಂದರೆ ಪುಕ್ಕಟೆ ದುಡಿದದ್ದು. ಗೌಡರ ಕೊಟ್ಟಿಗೆ ಬಾಚಿದ್ದು, ಸತ್ತ ದನ ಎಳೆದದ್ದು, ಊರಿಗೆ ತಮಟೆ ಬಡಿದದ್ದು. ಒಂದೇ ಪದ, ಒಬ್ಬನಿಗೆ ಪಡೆದದ್ದು, ಇನ್ನೊಬ್ಬನಿಗೆ ಕಳೆದುಕೊಂಡದ್ದು. ಅಂತರ್ಜಾಲದ ಉಚಿತ ಪಾಠವನ್ನು ನಾವು ಈ ಎರಡು ಅರ್ಥಗಳನ್ನೂ ಕೈಯಲ್ಲಿ ಹಿಡಿದುಕೊಂಡೇ ತೂಗಬೇಕಾಗಿದೆ.

ಸ್ವಯಂನಲ್ಲಿ ಹೆಸರು ನೋಂದಾಯಿಸಲು ಕಾಸಿಲ್ಲ, ನಿಜ. ವಿಡಿಯೋ ಪಾಠ, ಓದುವ ಸಾಮಗ್ರಿ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂದೇಹ ಕೇಳುವ ಚರ್ಚಾಕಟ್ಟೆ, ಈ ನಾಲ್ಕೂ ಉಚಿತ. ಆದರೆ ಸರ್ಟಿಫಿಕೇಟು ಬೇಕೆಂದರೆ, ಅದರ ಅಂಕ ನಿಮ್ಮ ಡಿಗ್ರಿಗೆ ಸೇರಬೇಕೆಂದರೆ, ಹಣ ಕಟ್ಟಿ ಪರೀಕ್ಷೆಗೆ ಕೂರಬೇಕು. ಪರಿಶಿಷ್ಟರಿಗೆ ರಿಯಾಯಿತಿ ಇದೆ, ಪುಕ್ಕಟೆಯಿಲ್ಲ. ಪರೀಕ್ಷಾ ಕೇಂದ್ರ ನಮ್ಮ ಊರಿನಲ್ಲಿರುವುದಿಲ್ಲ. ಬಸ್ ಚಾರ್ಜು, ಹಿಂದಿನ ರಾತ್ರಿ ತಂಗಲು ಯಾರದೋ ನೆಂಟರ ಮನೆ, ಒಂದು ದಿನದ ಕೂಲಿ ಖೋತಾ. ಜ್ಞಾನ ಪುಕ್ಕಟೆ, ಜ್ಞಾನವಿದೆ ಎಂಬ ಚೀಟಿಗೆ ಮಾತ್ರ ದುಡ್ಡು. ನೌಕರಿ ಕೊಡುವವನು ಕೇಳುವುದು ಯಾವುದನ್ನು? ಚೀಟಿಯನ್ನು.

ಇನ್ನು ‘ನಿಮ್ಮದೇ ವೇಗ’. ಈ ಮಾತು ಎಷ್ಟರಮಟ್ಟಿಗೆ ನಿಜ ಎಂದು ನೋಡಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಎನ್‌ಪಿಟಿಇಎಲ್ ಪಾಠಗಳಿಗೆ ಶುರುವಿನ ತಾರೀಖಿದೆ. ವಾರಕ್ಕೊಂದು ಅಸೈನ್‌ಮೆಂಟ್, ಅದಕ್ಕೆ ಕೊನೆಯ ದಿನ. ಪ್ರಮಾಣಪತ್ರದಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಎರಡರಲ್ಲೂ ಬೇರೆ ಬೇರೆಯಾಗಿ ಕನಿಷ್ಠ ಅಂಕ ಬರಬೇಕು. ಶುಂಠಿ ಕೀಳುವ ವಾರದಲ್ಲಿ ಅಸೈನ್‌ಮೆಂಟು ತಪ್ಪಿದರೆ ಶುಂಠಿ ಹೊಲಕ್ಕೆ ಹೋಗಿದ್ದೆ ಎಂದು ಯಾರಿಗೆ ಹೇಳುವುದು? ಯಂತ್ರದ ಬಾಗಿಲು ರಾತ್ರಿ ಮುಚ್ಚಿಕೊಳ್ಳುತ್ತದೆ. ಹಳ್ಳಿ ಕಾಲೇಜಿನ ಮೇಷ್ಟ್ರು ಬೈದಾದರೂ ‘ನಾಳೆ ತಂದುಕೊಡೋ’ ಅನ್ನುತ್ತಿದ್ದರು.

ಶುರು ಕೊನೆ ಯಾವುದೂ ಇಲ್ಲದ, ನಿಜವಾಗಿಯೂ ಯಾವಾಗ ಬೇಕಾದರೂ ಕಲಿಯಬಹುದಾದ ಪಾಠಗಳೂ ಇವೆ ಅನ್ನಿ. ಅಲ್ಲಿ ತೊಡಕು ಇನ್ನೂ ಆಳದ್ದು. ತನ್ನದೇ ವೇಗದಲ್ಲಿ ಕಲಿಯಬೇಕಾದರೆ ಮೊದಲು ತನ್ನದು ಎಂಬ ಸಮಯ ಇರಬೇಕು. ನಮ್ಮ ಡಿಗ್ರಿ ಹುಡುಗಿಯ ದಿನವನ್ನು ತೆಗೆದುಕೊಳ್ಳಿ. ಐದಕ್ಕೆ ಎದ್ದು ನೀರು, ಕಸಮುಸುರೆ. ಏಳೂವರೆಯ ಬಸ್ಸು ತಪ್ಪಿದರೆ ಹತ್ತರ ಬಸ್ಸು. ಸಂಜೆ ಬಂದ ಮೇಲೆ ಒಲೆ. ಭಾನುವಾರ ಕೂಲಿ. ಹುಡುಗನಾದರೆ ಮದುವೆ ಸೀಜನ್ನಿನಲ್ಲಿ ಕೇಟರಿಂಗ್ ಕೆಲಸಕ್ಕೆ ಹೋಗಿ ಬೆಳಗಿನ ಜಾವ ಮೂರಕ್ಕೆ ಬರುತ್ತಾನೆ. ಫೋನು ಅಣ್ಣನದು, ಅವನು ಮನೆಗೆ ಬಂದ ಮೇಲೆ ಸಿಕ್ಕಬೇಕು. ದಿನಕ್ಕೆ ಒಂದೂವರೆ ಜಿ.ಬಿ.ಯಲ್ಲಿ ಅಣ್ಣ ಎಷ್ಟು ಉಳಿಸಿರುತ್ತಾನೋ ಅಷ್ಟೇ ಅವಳ ವಿಶ್ವವಿದ್ಯಾಲಯ. ಇಂಥವಳಿಗೆ ‘ಯಾವಾಗ ಬೇಕಾದರೂ ಕಲಿ’ ಎಂದರೆ ಯಾವಾಗಲೂ ಇಲ್ಲ ಎಂದೇ ಅರ್ಥ. ತರಗತಿಯ ಗಂಟೆಗೆ ಒಂದು ಶಕ್ತಿಯಿದೆ: ಆ ಒಂದು ಗಂಟೆ ಅವಳನ್ನು ಮನೆಗೆಲಸದಿಂದ ಬಿಡಿಸುತ್ತದೆ. ‘ಕಾಲೇಜಿದೆ ಕಣವ್ವಾ, ಹೋಗ್ಬೇಕು’ ಎಂದು ಹೇಳಿ ಹೊಸ್ತಿಲು ದಾಟಬಹುದು. ‘ಫೋನಲ್ಲಿ ಪಾಠ ಇದೆ ಕಣವ್ವಾ’ ಎಂದರೆ ‘ಮುದ್ದೆ ಮಾಡಿ ನೋಡ್ಕೋ’ ಅನ್ನುವ ಉತ್ತರ ಬರುತ್ತದೆ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ 2017-18ರಲ್ಲಿ, ಅಂದರೆ ಸ್ವಯಂ ಹುಟ್ಟಿದ ಹೊತ್ತಿನಲ್ಲೇ, ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಕುಟುಂಬಗಳು ನೂರಕ್ಕೆ 4.4, ಅಂತರ್ಜಾಲದ ಸೌಕರ್ಯವಿದ್ದವು 14.9. ಈಗ ಫೋನುಗಳು ಬಹಳ ಹೆಚ್ಚಿವೆ, ಇಲ್ಲವೆನ್ನುವುದಿಲ್ಲ. ಆದರೆ ಅಂಗೈಯಗಲದ ಗಾಜಿನ ಮೇಲೆ ಲೆಕ್ಕಶಾಸ್ತ್ರದ ಲೆಡ್ಜರು ಓದುವುದಕ್ಕೂ ಮೇಜಿನ ಮುಂದೆ ಕೂತು ಓದುವುದಕ್ಕೂ ವ್ಯತ್ಯಾಸವಿಲ್ಲವೇ? 2020ರ ಜೂನ್ ಮೊದಲ ದಿನ, ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಆನ್‌ಲೈನ್ ತರಗತಿ ಶುರುವಾದ ದಿನವೇ, ಕೂಲಿಕಾರನ ಮಗಳಾದ ಒಬ್ಬ ದಲಿತ ಶಾಲಾ ಹುಡುಗಿ ಪ್ರಾಣ ಕಳೆದುಕೊಂಡಳು. ಮನೆಯ ಟಿವಿ ಕೆಟ್ಟಿತ್ತು, ಸ್ಮಾರ್ಟ್‌ಫೋನು ಇರಲಿಲ್ಲ. ಸಾಕ್ಷರತೆಯಲ್ಲಿ ಮುಂದಿರುವ ರಾಜ್ಯದಲ್ಲಿ ನಡೆದದ್ದು ಇದು.

ಭಾಷೆಯ ಮಾತು ಚಿಕ್ಕದಾಗಿ ಮುಗಿಸುತ್ತೇವೆ. ಎಲ್ಲರಿಗೂ ಗೊತ್ತಿರುವ ರೋಗ ಅದು. ಈ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನವು. ಕೆಲವಕ್ಕೆ ಕನ್ನಡದ ಬರಹರೂಪ ಬಂದಿದೆ, ಒಳ್ಳೆಯದು. ಆದರೆ ಯಂತ್ರ ಅನುವಾದಿಸಿದ ಕನ್ನಡವನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕಿಂತ ಇಂಗ್ಲಿಷನ್ನೇ ಗುದ್ದಾಡಿ ಕಲಿಯುವುದು ಮೇಲು ಎಂದು ಹುಡುಗರೇ ಹೇಳುತ್ತಾರೆ.

ಈ ಉಚಿತ ಪಾಠದ ಕನಸು ಅಮೆರಿಕೆಯಿಂದ ಬಂದದ್ದು. ಅಲ್ಲಿ ಅದರ ಗತಿ ಏನಾಯಿತು ಎಂಬುದನ್ನು ನಮ್ಮ ಮೇಷ್ಟ್ರುಗಳು ತಿಳಿದಿರಬೇಕು. 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಪಾಠವೊಂದನ್ನು ಜಗತ್ತಿಗೆಲ್ಲ ಪುಕ್ಕಟೆ ಬಿಟ್ಟಾಗ 1,60,000 ಜನ ಹೆಸರು ಕೊಟ್ಟರು. ಮುಗಿಸಿದವರು ಸುಮಾರು 23,000. ಅಷ್ಟಕ್ಕೇ ವಿಶ್ವವಿದ್ಯಾಲಯಗಳ ಕಾಲ ಮುಗಿಯಿತು, ಬಡವನ ಗುಡಿಸಲಿಗೆ ಹಾರ್ವರ್ಡ್ ಬಂತು ಎಂದು ಪತ್ರಿಕೆಗಳು ಬರೆದವು. 2012ರಲ್ಲಿ ಕೋರ್ಸೆರಾ, ಎಡ್ಎಕ್ಸ್ ಹುಟ್ಟಿದವು. ಆಮೇಲೆ ಲೆಕ್ಕ ಹೊರಬಂತು. ಹಾರ್ವರ್ಡ್ ಮತ್ತು ಎಂ.ಐ.ಟಿ.ಯ ಪಾಠಗಳಿಗೆ ಸೇರಿದ ಅಮೆರಿಕನ್ನರು ಯಾವ ಬೀದಿಯವರು ಎಂದು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹುಡುಕಿತು. ಹೆಚ್ಚು ಸಂಬಳದವರ, ಹೆಚ್ಚು ಓದಿದವರ ಬೀದಿಗಳಿಂದಲೇ ಹೆಚ್ಚು ಜನ ಬಂದಿದ್ದರು. ಅದೇ ಪತ್ರಿಕೆಯಲ್ಲಿ 2019ರಲ್ಲಿ ಬಂದ ಇನ್ನೊಂದು ಲೆಕ್ಕ: 2017-18ರಲ್ಲಿ ಸೇರಿದ ನೂರು ಜನರಲ್ಲಿ ಪಾಠ ಮುಗಿಸಿದವರು ಬರೀ ಮೂವರು. ಸರ್ಟಿಫಿಕೇಟಿಗೆ ಹಣ ಕಟ್ಟಿದವರಲ್ಲಿ ಮಾತ್ರ ಅದು ನೂರಕ್ಕೆ 46. ದುಡ್ಡು ಕೊಟ್ಟರೆ ಬುದ್ಧಿ ಬರುತ್ತದೆ ಎಂದು ಇದನ್ನು ಓದಬಾರದು. ಹಣ ಕಟ್ಟುವವನಿಗೆ ಗುರಿ ಮೊದಲೇ ಗೊತ್ತು, ಬಿಡುವು ಮೊದಲೇ ಇದೆ, ಮುಗಿಸಿದರೆ ಏನು ಸಿಗುತ್ತದೆಂಬ ಭರವಸೆ ಇದೆ. ಇದ್ದವನಿಗೆ ಇನ್ನಷ್ಟು ಸೇರಿತು, ಅಷ್ಟೇ.

ಅಲ್ಲಿನ ಬಡವರ ಮಕ್ಕಳ ಮೇಲೂ ಇದನ್ನು ಪ್ರಯೋಗ ಮಾಡಿದರು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಸ್ಟೇಟ್ ಸರ್ಕಾರಿ ವಿಶ್ವವಿದ್ಯಾಲಯ. ದುಡಿಯುತ್ತ ಓದುವ, ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡ ಮಕ್ಕಳು ಬಹಳಷ್ಟಿರುವ ಜಾಗ. 2013ರಲ್ಲಿ ಯುಡಾಸಿಟಿ ಎಂಬ ಕಂಪನಿಯ ಜೊತೆ ಸೇರಿ ಗಣಿತದ ಪಾಠಗಳನ್ನು ಅಂತರ್ಜಾಲದಲ್ಲಿ ನಡೆಸಿದರು. ಪಾಸಾದವರು ತರಗತಿಯಲ್ಲಿ ಕೂತವರಿಗಿಂತ ಎಷ್ಟೋ ಕಡಿಮೆಯಾದರು. ಅದೇ ಜುಲೈನಲ್ಲಿ ಪ್ರಯೋಗ ನಿಂತಿತು. ಅದೇ ವರ್ಷ ಆ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗದ ಅಧ್ಯಾಪಕರು ಹಾರ್ವರ್ಡಿನ ಪ್ರಸಿದ್ಧ ಪ್ರಾಧ್ಯಾಪಕ ಮೈಕೆಲ್ ಸ್ಯಾಂಡೆಲ್‌ಗೆ ಬಹಿರಂಗ ಪತ್ರ ಬರೆದರು. ನ್ಯಾಯದ ಬಗ್ಗೆ ನಿಮ್ಮ ಪಾಠವನ್ನು ನಮ್ಮ ತರಗತಿಯಲ್ಲಿ ಓಡಿಸುವುದಿಲ್ಲ ಎಂದರು. ಶ್ರೀಮಂತರ ಮಕ್ಕಳಿಗೆ ಎದುರು ಕೂತು ಮಾತಾಡುವ ಮೇಷ್ಟ್ರು, ಉಳಿದವರಿಗೆ ಆ ಮೇಷ್ಟ್ರ ಚಿತ್ರ ಎಂಬ ಎರಡು ಜಾತಿಯ ವಿಶ್ವವಿದ್ಯಾಲಯಗಳು ಹುಟ್ಟುತ್ತವೆ ಎಂಬುದು ಅವರ ಆತಂಕದ ಸಾರ. ನ್ಯಾಯದ ಪಾಠವನ್ನೇ ಅನ್ಯಾಯದ ಉಪಕರಣ ಮಾಡಬೇಡಿ ಎಂದು ನಾವು ಅದನ್ನು ಓದಿಕೊಂಡೆವು. ಎಡ್ಎಕ್ಸ್ ಕತೆಯನ್ನೂ ಹೇಳಿಬಿಡೋಣ: ಲಾಭದಾಸೆಯಿಲ್ಲದೆ ಜಗತ್ತಿಗೆ ಕಲಿಸುತ್ತೇವೆಂದು ಹೊರಟ ಅದನ್ನು 2021ರಲ್ಲಿ 80 ಕೋಟಿ ಡಾಲರಿಗೆ ಟುಯು ಎಂಬ ಕಂಪನಿಗೆ ಮಾರಿದರು. ಆ ಕಂಪನಿ 2024ರಲ್ಲಿ ದಿವಾಳಿ ಅರ್ಜಿ ಹಾಕಿತು.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ದಲಿತರು ಈ ದೇಶದಲ್ಲಿ ಹೇಗೆ ಕಲಿತರು? ‘ಸ್ವಯಂ’ ಕಲಿತರೇ? ಚರಿತ್ರೆ ತೆಗೆದು ನೋಡಿ. ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1855ರಲ್ಲಿ ಕೂಲಿಕಾರರಿಗೆ, ರೈತರಿಗೆ ರಾತ್ರಿ ಶಾಲೆ ತೆರೆದರು. ದುಡಿಯುವವನ ವೇಗಕ್ಕೆ ಶಾಲೆಯೇ ತನ್ನ ಹೊತ್ತನ್ನು ಬದಲಿಸಿಕೊಂಡಿತು. ನಿನಗೆ ಬಿಡುವಾದಾಗ ಒಬ್ಬನೇ ಓದಿಕೋ ಎಂದು ಪುಸ್ತಕ ಎಸೆದು ಹೋಗಲಿಲ್ಲ. ಅಂಬೇಡ್ಕರ್ 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಆಗಿನ ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜು. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಒಂಟಿಯಾಗಿ ಗ್ರಂಥಾಲಯದಲ್ಲಿ ಕೂತು ಓದಿದವರು ಅವರು. ತನ್ನದೇ ವೇಗದಲ್ಲಿ ಕಲಿಯುವ ಸಾಮರ್ಥ್ಯ ಅವರಿಗಿಂತ ಯಾರಿಗಿತ್ತು? ಆದರೂ ತನ್ನ ಜನಕ್ಕೆ ಅವರು ಕಟ್ಟಿಕೊಟ್ಟದ್ದು ಕಟ್ಟಡ, ಹಾಸ್ಟೆಲು, ಮೇಷ್ಟ್ರು, ಜೊತೆಗಾರರು. ಮರಾಠವಾಡದ ಬರಗಾಲದ ಹಳ್ಳಿಗಳಿಂದ ಬಂದ ಹುಡುಗರು ಆ ಮಿಲಿಂದದ ಆವರಣದಲ್ಲಿ ಒಟ್ಟಿಗೆ ಉಂಡು, ಜಗಳವಾಡಿ, ಬರೆದು, ಮರಾಠಿ ದಲಿತ ಸಾಹಿತ್ಯದ ಒಂದು ದೊಡ್ಡ ಒರತೆಯಾದರು.

ನಮ್ಮಲ್ಲೂ ಅಷ್ಟೇ. ಸಿದ್ಧಲಿಂಗಯ್ಯನವರ ‘ಊರುಕೇರಿ’ ಓದಿದವರಿಗೆ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ಗೊತ್ತು. 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದಾಗ ದಾಳಿ ನಡೆದದ್ದು ಎಲ್ಲಿ? ನಮ್ಮ ಹಾಸ್ಟೆಲುಗಳ ಮೇಲೆ. ಕಲ್ಲು ಹೊಡೆಯುವವರಿಗೆ ಅಪಾಯ ಎಲ್ಲಿ ಬೇಯುತ್ತಿದೆ ಎಂಬುದು ಸರಿಯಾಗಿಯೇ ಗೊತ್ತಿತ್ತು. ಆ ಪೆಟ್ಟು ತಿಂದ ಹುಡುಗರೇ ಜಿಲ್ಲೆ ಜಿಲ್ಲೆಗಳಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋದರು, ದಲಿತ ಸಂಘರ್ಷ ಸಮಿತಿ ಕಟ್ಟಿದರು. ಆ ಹಾಸ್ಟೆಲಿನಲ್ಲಿ ತಿಳಿಸಾರು ನೀರಾಗಿತ್ತು, ಅನ್ನದಲ್ಲಿ ಹುಳವಿತ್ತು, ವಾರ್ಡನ್ನು ಕಳ್ಳನಿದ್ದ. ಆದರೆ ಪಕ್ಕದ ಚಾಪೆಯಲ್ಲಿ ಇನ್ನೊಬ್ಬನಿದ್ದ. ಅರ್ಥವಾಗದ್ದನ್ನು ಅವನನ್ನು ಕೇಳಬಹುದಿತ್ತು, ಅವಮಾನವಾದದ್ದನ್ನು ಅವನಿಗೆ ಹೇಳಬಹುದಿತ್ತು. ಹೇಳಿದ ಮೇಲೆ ಅದು ಒಬ್ಬನ ಅವಮಾನವಾಗಿ ಉಳಿಯುತ್ತಿರಲಿಲ್ಲ. ಹುಳದ ಅನ್ನದ ವಿರುದ್ಧ ತಟ್ಟೆ ಬಡಿದುಕೊಂಡು ಬೀದಿಗೆ ಬಂದದ್ದೇ ಎಷ್ಟೋ ಜನರ ಮೊದಲ ಪಾಠ. ಆ ಪಾಠ ಯಾವ ಸಿಲಬಸ್ಸಿನಲ್ಲೂ ಇರಲಿಲ್ಲ. ಅಂತರ್ಜಾಲದ ಚರ್ಚಾಕಟ್ಟೆಯಲ್ಲಿ ಪ್ರಶ್ನೆ ಹಾಕಬಹುದು, ಉತ್ತರವೂ ಬರಬಹುದು, ತಟ್ಟೆ ಬಡಿಯಲಾಗುವುದಿಲ್ಲ.

ಅಂತರ್ಜಾಲದಲ್ಲಿ ಒಬ್ಬನೇ ಕಲಿತು ಗೆದ್ದ ಹಳ್ಳಿ ಹುಡುಗನ ಕತೆ ಬಂದಾಗಲೆಲ್ಲ ಪತ್ರಿಕೆಗಳು ‘ಆಧುನಿಕ ಏಕಲವ್ಯ’ ಎಂದು ತಲೆಬರಹ ಕೊಡುತ್ತವೆ. ಹೊಗಳಿಕೆ ಅಂದುಕೊಂಡು ಬರೆಯುತ್ತಾರೆ, ಪಾಪ. ಏಕಲವ್ಯ ಕಲಿಯುವುದರಲ್ಲಿ ಸೋತವನಲ್ಲ. ಗುರುವಿಲ್ಲದೆ, ಶುಲ್ಕವಿಲ್ಲದೆ, ಮಣ್ಣಿನ ಗೊಂಬೆಯ ಮುಂದೆ ತನ್ನದೇ ವೇಗದಲ್ಲಿ ಕಲಿತು ಅರ್ಜುನನನ್ನು ಮೀರಿಸಿದ. ಆದರೆ ದ್ರೋಣ ಹೆಬ್ಬೆರಳು ಕೇಳಲು ಬಂದ ಹೊತ್ತಿನಲ್ಲಿ ‘ಕೊಡಬೇಡ ಕಣೋ’ ಅನ್ನಲು ಪಕ್ಕದಲ್ಲಿ ಒಬ್ಬ ಸಹಪಾಠಿಯಿರಲಿಲ್ಲ. ಈ ಸರ್ಕಾರಗಳು ಆದಿವಾಸಿ ಮಕ್ಕಳ ವಸತಿ ಶಾಲೆಗಳಿಗೂ ಏಕಲವ್ಯನ ಹೆಸರನ್ನೇ ಇಟ್ಟಿವೆ. ಬೆರಳು ಕಳೆದುಕೊಂಡವನ ಹೆಸರು. ಕೇಳಿದವನ ಹೆಸರಿನಲ್ಲಿ ಕ್ರೀಡಾ ತರಬೇತುದಾರರಿಗೆ ಪ್ರಶಸ್ತಿ!

ಮೇಷ್ಟ್ರುಗಳ ಪಾಡು ಇದಕ್ಕಿಂತ ಬೇರೆಯಲ್ಲ. ಬಿಟ್ಟಿ ಎಂಬ ಪದದ ನಮ್ಮ ಕೇರಿಯ ಅರ್ಥ ಚೆನ್ನಾಗಿ ಹೊಂದುವುದು ಇಲ್ಲಿಯೇ. ನಿಷ್ಠಾ ತರಬೇತಿ 2020ರ ಅಕ್ಟೋಬರಿನಲ್ಲಿ ದೀಕ್ಷಾ ಜಾಲಕ್ಕೆ ಬಂತು; ಪ್ರಾಥಮಿಕ ಶಿಕ್ಷಕರಿಗೆ 18 ಘಟಕಗಳು. ಫೋನು ಮೇಷ್ಟ್ರದು, ಡೇಟಾ ಮೇಷ್ಟ್ರದು, ರಾತ್ರಿಯ ಹೊತ್ತೂ ಮೇಷ್ಟ್ರದೇ. ಮುಗಿಸದವರ ಪಟ್ಟಿ ಮಾತ್ರ ಇಲಾಖೆಯದು. ಆಮೇಲೆ ಏನಾಯಿತು? ನಮ್ಮಲ್ಲೇ ಮೇಷ್ಟ್ರುಗಳಾದವರು ನಗುತ್ತಲೇ ಹೇಳುತ್ತಾರೆ: ಬಿಸಿಯೂಟದ ಲೆಕ್ಕ ಬರೆಯುವಾಗ ಪಕ್ಕದಲ್ಲಿ ವಿಡಿಯೋ ಓಡುತ್ತಿರುತ್ತದೆ, ಕೊನೆಯ ಪ್ರಶ್ನೆಗಳ ಉತ್ತರ ವಾಟ್ಸಾಪ್ ಗುಂಪಿನಲ್ಲಿ ಮೊದಲೇ ಬಂದಿರುತ್ತದೆ. ಇದು ಮೇಷ್ಟ್ರ ಕಳ್ಳತನ ಎಂದು ನಾವು ಒಪ್ಪುವುದಿಲ್ಲ. ಬಿಟ್ಟಿ ಚಾಕರಿಗೆ ಹೋದವನು ಎಂದೂ ಮೈಬಗ್ಗಿಸಿ ದುಡಿದದ್ದಿಲ್ಲ, ದುಡಿಯಬೇಕಾಗಿಯೂ ಇಲ್ಲ. ಆದರೆ ಇದರಲ್ಲಿ ಒಂದು ನಷ್ಟವಿದೆ. ಮೊದಲು ಬ್ಲಾಕ್ ಕೇಂದ್ರದಲ್ಲಿ ತರಬೇತಿಯೆಂದರೆ ಊಟ ಕೆಟ್ಟದಿದ್ದರೂ ನಲವತ್ತು ಜನ ಮೇಷ್ಟ್ರುಗಳು ಒಂದೆಡೆ ಸೇರುತ್ತಿದ್ದರು. ಊರಿನ ಮೇಲ್ಜಾತಿಯವರು ದಲಿತ ಅಡುಗೆಯವಳ ಊಟ ಬಿಡಿಸಿದ ಸುದ್ದಿ ಒಬ್ಬ ಹೇಳಿದರೆ, ನನ್ನ ಶಾಲೆಯಲ್ಲೂ ಹಾಗೇ ಆಯಿತು ಎಂದು ಇನ್ನೊಬ್ಬ ಹೇಳುತ್ತಿದ್ದ. ಈಗ ಇಬ್ಬರೂ ಬೇರೆ ಬೇರೆ ಮನೆಯಲ್ಲಿ ಕೂತು ಅದೇ ವಿಡಿಯೋ ಓಡಿಸುತ್ತಾರೆ.

ಕೊನೆಗೆ ಹುದ್ದೆಯ ಪ್ರಶ್ನೆ. 2016ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಒಂದು ಸೆಮಿಸ್ಟರಿನ ಪಾಠಗಳಲ್ಲಿ ನೂರಕ್ಕೆ 20ರಷ್ಟನ್ನು ಸ್ವಯಂ ಮೂಲಕ ಮುಗಿಸಲು ಅವಕಾಶ ಕೊಟ್ಟಿತು. 2021ರಲ್ಲಿ ಅದನ್ನು 40ಕ್ಕೆ ಏರಿಸಿತು. ಪಾಠ ಹೇಳುವವರಿಲ್ಲದ ಕಾಲೇಜಿಗೆ ಇದು ವರವೆಂದು ಆಯೋಗ ಹೇಳಬಹುದು. ಪಾಠ ಹೇಳುವವರು ಯಾಕಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ನಿಂತಿವೆ. ಕಾಯಂ ಹುದ್ದೆ ತುಂಬಿದರೆ ರೋಸ್ಟರ್ ಬರುತ್ತದೆ, ರೋಸ್ಟರ್ ಬಂದರೆ ನಮ್ಮ ಕೇರಿಯ ಹುಡುಗ ಮೇಷ್ಟ್ರಾಗಿ ಬರುತ್ತಾನೆ. ವಿಡಿಯೋಗೆ ರೋಸ್ಟರ್ ಇಲ್ಲ. ಆ ವಿಡಿಯೋದಲ್ಲಿ ಪಾಠ ಹೇಳುವ ಐಐಟಿಗಳ ಬೋಧಕ ವರ್ಗದಲ್ಲಿ ಪರಿಶಿಷ್ಟರ ಸಂಖ್ಯೆ ಎಷ್ಟು ಕಡಿಮೆಯೆಂಬುದು ಸಂಸತ್ತಿಗೆ ಸರ್ಕಾರ ಕೊಟ್ಟ ಉತ್ತರಗಳಲ್ಲೇ ಮತ್ತೆ ಮತ್ತೆ ಬಂದಿದೆ. ಒಂದು ಕಾಲೇಜಿನ ಹತ್ತು ಪಾಠಗಳಲ್ಲಿ ನಾಲ್ಕು ಅಲ್ಲಿಂದಲೇ ಬಂದರೆ ಮೀಸಲಾತಿ ಕಾನೂನನ್ನು ಮುಟ್ಟದೆಯೇ ಮೀಸಲಾತಿಯನ್ನು ಕತ್ತರಿಸಿದಂತಾಯಿತು. ಮೇಲಾಗಿ ನಾಳೆ ನಮ್ಮ ಹುಡುಗ ಫೇಲಾದರೆ ಅವರ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಜಗತ್ತಿನ ದೊಡ್ಡ ದೊಡ್ಡ ಮೇಷ್ಟ್ರುಗಳ ಪಾಠ ಪುಕ್ಕಟೆ ಇತ್ತಲ್ಲಪ್ಪಾ, ನಿನ್ನದೇ ವೇಗ ಅಂದಿದ್ದೆವಲ್ಲಪ್ಪಾ, ನೀನೇ ನೋಡಲಿಲ್ಲ. ಹಳೆಯ ‘ಪ್ರತಿಭೆ’ಯ ವಾದ ಹೊಸ ಅಂಗಿ ತೊಟ್ಟು ಬರುವುದು ಹೀಗೆ.

ಹಾಗಾದರೆ ಬೇಡವೇ? ಬೇಕು. ಹಾಸ್ಟೆಲಿನ ಹಾಲಿನಲ್ಲಿ ದೊಡ್ಡ ಪರದೆ ಬೇಕು, ಇಪ್ಪತ್ತು ಜನ ಒಟ್ಟಿಗೆ ಕೂತು ನೋಡುವಂತಿರಬೇಕು, ನೋಡಿದ ಮೇಲೆ ಕನ್ನಡದಲ್ಲಿ ಬಿಡಿಸಿ ಹೇಳಲು ಸಂಬಳ ಪಡೆಯುವ ಒಬ್ಬ ಮೇಷ್ಟ್ರು ಇರಬೇಕು. ಪರಿಶಿಷ್ಟರಿಗೆ ಪರೀಕ್ಷಾ ಶುಲ್ಕ ಪೂರ್ತಿ ಹೋಗಬೇಕು, ಕೇಂದ್ರ ತಾಲೂಕಿಗೆ ಬರಬೇಕು. ಮೇಷ್ಟ್ರುಗಳ ತರಬೇತಿ ಕೆಲಸದ ಹೊತ್ತಿನಲ್ಲಿ, ಇಲಾಖೆಯ ಖರ್ಚಿನಲ್ಲಿ ಆಗಬೇಕು. ಇಷ್ಟು ಸಿಕ್ಕರೆ ಐಐಟಿಯ ಪಾಠವನ್ನು ನಾವು ಕಣ್ಣಿಗೊತ್ತಿಕೊಳ್ಳುವುದಿಲ್ಲ, ಆದರೆ ಚೆನ್ನಾಗಿ ಕಲಿಯುತ್ತೇವೆ.

ಅದಕ್ಕೂ ಮೊದಲು ಒಂದು ಕೆಲಸವಿದೆ, ಇದನ್ನು ಓದುತ್ತಿರುವ ವಿದ್ಯಾರ್ಥಿ ಗೆಳೆಯರೇ ಮಾಡಬಹುದಾದದ್ದು. ನಿಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಯಾವ ಪತ್ರಿಕೆಯನ್ನು ಸ್ವಯಂ ಮೂಲಕ ಓದಿಕೊಳ್ಳಿ ಎಂದು ಹಾಕಿದ್ದಾರೆ ನೋಡಿ. ಆ ವಿಷಯದ ಉಪನ್ಯಾಸಕರ ಹುದ್ದೆ ಖಾಲಿ ಇದೆಯೇ, ಎಷ್ಟು ವರ್ಷದಿಂದ ಖಾಲಿ, ರೋಸ್ಟರಿನಲ್ಲಿ ಅದು ಯಾರ ಪಾಲಿನದು ಎಂದು ಕಚೇರಿಯಲ್ಲಿ ಕೇಳಿ. ಬಾಯಿಮಾತಿಗೆ ಹೇಳದಿದ್ದರೆ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ. ಉತ್ತರ ಬಂದಾಗ ನಕಲು ತೆಗೆದು ನಮಗೆ ಕಳಿಸಿ. ಕಾಲೇಜುವಾರು, ವಿಷಯವಾರು, ಮುಂದಿನ ಸಂಚಿಕೆಯಿಂದ ಅಚ್ಚು ಹಾಕುತ್ತೇವೆ.